ಕಿವಿ ಮಂದವಾದರೂ ಬಾಳು ಮಂದವಾಗದಿರಲಿ

ಜ್ಞಾನೇಂದ್ರಿಯಗಳು ಐದು. ಅವುಗಳಲ್ಲಿ ಶ್ರೋತ್ರೇಂದ್ರಿಯವು ಆಕಾಶ ಮಹಾಭೂತಕ್ಕೆ ಸಂಬಂಧಿಸಿದ್ದೆಂದೂ, ಶಬ್ದವೇ ಅದರ ವಿಷಯವೆಂದೂ ಆಯುರ್ವೇದವು ತಿಳಿಸುತ್ತದೆ. ಕಣ್ಣು ತನ್ನ ಎದುರಿಗೆ ಇರುವುದನ್ನು ಮಾತ್ರ ಕಾಣಬಲ್ಲುದು. ಕಿವಿಯಾದರೋ ಹಿಂದಿನಿಂದ ಬರುವವರ ಹೆಜ್ಜೆಯನ್ನೂ, ಗೋಡೆಯ ಆಚೆ ಅಳುವ ಮಗುವನ್ನೂ, ಕತ್ತಲೆಯಲ್ಲಿ ಕರೆಯುವ ದನಿಯನ್ನೂ ನಮಗೆ ತಲುಪಿಸುತ್ತದೆ. ಮಗುವು ತಾಯ್ನುಡಿಯನ್ನು ಕಲಿಯುವುದು ಕಿವಿಯಿಂದ. ಗುರುವಿನ ಉಪದೇಶವು ಶಿಷ್ಯನನ್ನು ಸೇರುವುದೂ ಕಿವಿಯಿಂದಲೇ. ಆದುದರಿಂದ ಕಿವಿ ಮಂದವಾದಾಗ ಮನುಷ್ಯನು ಸದ್ದಿನ ಜೊತೆಗೆ ತನ್ನವರೊಡನೆ ಇದ್ದ ಒಡನಾಟವನ್ನೂ ಕಳೆದುಕೊಳ್ಳುವ ಭಯವಿದೆ.

ವಿಶ್ವ ಆರೋಗ್ಯ ಸಂಸ್ಥೆಯು ಶ್ರವಣವನ್ನು ಕುರಿತು 2021ರಲ್ಲಿ ಹೊರತಂದ ವರದಿಯಂತೆ, ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಜನರಿಗೆ ಶ್ರವಣದೋಷಕ್ಕಾಗಿ ನೆರವು ಬೇಕಾಗಿದೆ. 60 ವರ್ಷ ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ನಿತ್ಯಜೀವನಕ್ಕೆ ಅಡ್ಡಿಯಾಗುವಷ್ಟು ಕಿವುಡುತನವಿರುತ್ತದೆ. ಎಂದರೆ, ಈ ಲೇಖನವನ್ನು ಓದುತ್ತಿರುವ ಸದ್ಭಕ್ತರ ಅನೇಕ ಮನೆಗಳಲ್ಲಿ ಒಬ್ಬ ಅಜ್ಜನೋ ಅಜ್ಜಿಯೋ, ತಂದೆಯೋ ತಾಯಿಯೋ ಇದನ್ನು ಅನುಭವಿಸುತ್ತಿದ್ದಾರೆ. ಅವರಲ್ಲಿ ಅನೇಕರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾತು ತಿಳಿಯದಿದ್ದರೂ ಹೂಂಗುಟ್ಟುತ್ತಾರೆ; ಎಲ್ಲರೂ ನಕ್ಕಾಗ ತಾವೂ ನಗುತ್ತಾರೆ; ಕ್ರಮೇಣ ಮೂಲೆಯ ಕುರ್ಚಿಗೆ ಸರಿಯುತ್ತಾರೆ. ಈ ಹುಸಿ ಹೂಂಕಾರವೇ ಕಿವುಡುತನದ ನಿಜವಾದ ತೊಡಕೆಂಬುದು ನಾಲ್ಕು ದಶಕಗಳ ವೈದ್ಯವೃತ್ತಿಯಲ್ಲಿ ನಾವು ಕಂಡುಕೊಂಡ ಸಂಗತಿ. ವಯಸ್ಸಿನೊಡನೆ ಬರುವ ಕಿವುಡುತನದೊಂದಿಗೆ ಮನಸ್ಸು ಕುಗ್ಗದಂತೆ ಬಾಳುವ ಬಗೆಯನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಕೇಳಿಸುತ್ತದೆ, ತಿಳಿಯುವುದಿಲ್ಲ

ನಮ್ಮ ಕಿವಿಯಲ್ಲಿ ಮೂರು ಭಾಗಗಳಿವೆ. ಹೊರಗಿವಿಯು ಸದ್ದನ್ನು ಒಟ್ಟುಗೂಡಿಸಿ ಕಿವಿತಮಟೆಗೆ ಕಳುಹಿಸುತ್ತದೆ. ನಡುಗಿವಿಯಲ್ಲಿರುವ ಮೂರು ಪುಟ್ಟ ಎಲುಬುಗಳು ಆ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯ ಶಂಖದಾಕಾರದ ಅಂಗದಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿದ್ದು, ಅವು ಕಂಪನವನ್ನು ನರದ ಸಂಕೇತವಾಗಿ ಬದಲಿಸಿ ಮೆದುಳಿಗೆ ಮುಟ್ಟಿಸುತ್ತವೆ. ಹುಟ್ಟುವಾಗ ಪಡೆದು ಬಂದ ಈ ಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ.

ಹೊರಗಿವಿ ಮತ್ತು ನಡುಗಿವಿಯ ದೋಷಗಳು, ಅಂದರೆ ಗುಗ್ಗೆ ಗಟ್ಟಿಯಾಗುವುದು, ಕಿವಿ ಸೋರುವುದು, ತಮಟೆಯಲ್ಲಿ ರಂಧ್ರವಾಗುವುದು, ಎಲುಬು ಬಿಗಿಯುವುದು ಮುಂತಾದವು ಬಹುಮಟ್ಟಿಗೆ ಔಷಧದಿಂದ ಅಥವಾ ಶಸ್ತ್ರಕ್ರಿಯೆಯಿಂದ ಸರಿಹೋಗಬಲ್ಲವು. ವಯೋಸಹಜವಾದ ಕಿವುಡುತನವು ಹೆಚ್ಚಾಗಿ ಒಳಗಿವಿಯದು. ಅದು ಎರಡೂ ಕಿವಿಗಳಲ್ಲಿ, ಯಾರ ಗಮನಕ್ಕೂ ಬಾರದಷ್ಟು ನಿಧಾನವಾಗಿ, ಮೊದಲು ಹೆಚ್ಚು ಕಂಪನದ ಕೀರಲು ಧ್ವನಿಗಳನ್ನು ಕಸಿದುಕೊಳ್ಳುತ್ತದೆ.

ಇದರಿಂದಾಗುವ ಒಂದು ವಿಚಿತ್ರವನ್ನು ಮನೆಯವರು ಅರಿಯಬೇಕು. ಮಾತಿನಲ್ಲಿ ಆ, ಓ, ಊ ಮೊದಲಾದ ಸ್ವರಗಳು ಕೆಳಕಂಪನದವು ಮತ್ತು ಬಲವುಳ್ಳವು. ಸ, ಶ, ತ, ಕ, ಪ ಮೊದಲಾದ ವ್ಯಂಜನಗಳು ಮೇಲ್ಕಂಪನದವು ಮತ್ತು ಕ್ಷೀಣವಾದವು. ಕಿವಿ ಮಂದವಾದವರಿಗೆ ಸ್ವರ ಕೇಳಿಸುತ್ತದೆ, ವ್ಯಂಜನ ತಪ್ಪಿಹೋಗುತ್ತದೆ. ‘ತಲೆ’ ಎಂದದ್ದು ‘ಕಲೆ’ಯಾಗಿ, ‘ಕಾಲು’ ಎಂದದ್ದು ‘ಪಾಲು’ ಆಗಿ ಕೇಳುತ್ತದೆ. ಆದ್ದರಿಂದಲೇ ಹಿರಿಯರು “ನೀವು ಮಾತನಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ” ಎನ್ನುತ್ತಾರೆ. ಬಾಗಿಲು ಬಡಿದ ಸದ್ದಿಗೆ ತಿರುಗಿ ನೋಡಿದ ಅಜ್ಜನು ಮೊಮ್ಮಗಳ ಪ್ರಶ್ನೆಗೆ ಉತ್ತರಿಸದಿದ್ದರೆ, “ತಮಗೆ ಬೇಕಾದದ್ದು ಮಾತ್ರ ಕೇಳುತ್ತದೆ” ಎಂದು ಮನೆಯವರು ಕುಹಕವಾಡುವುದುಂಟು. ಅದು ಅಜ್ಜನ ಕಪಟವಲ್ಲ, ರೋಗದ ಸ್ವಭಾವ.

ತೈಲದಿಂದ ಆಗುವುದು, ಆಗದಿರುವುದು

“ಕಿವಿಗೆ ಯಾವ ಎಣ್ಣೆ ಬಿಡಬೇಕು?” ಎಂಬುದು ನಮ್ಮಲ್ಲಿಗೆ ಬರುವವರು ಕೇಳುವ ಮೊದಲ ಪ್ರಶ್ನೆ. ಆಯುರ್ವೇದ ವೈದ್ಯರಾದ ನಾವು ಇದಕ್ಕೆ ನೇರವಾದ ಉತ್ತರವನ್ನೇ ಕೊಡಬೇಕಾಗಿದೆ.

ನಮ್ಮ ಆಚಾರ್ಯರು ದಿನಚರ್ಯೆಯಲ್ಲಿ ಕರ್ಣಪೂರಣವನ್ನು ಹೇಳಿದ್ದಾರೆ. ಸುಶ್ರುತರು ಕಿವಿಯ ರೋಗಗಳನ್ನು 28 ಎಂದು ಎಣಿಸಿ, ಅವುಗಳಲ್ಲಿ ಬಾಧಿರ್ಯವನ್ನೂ ಕರ್ಣನಾದವನ್ನೂ ಬೇರೆಬೇರೆಯಾಗಿ ವಿವರಿಸಿದ್ದಾರೆ. ಕಿವಿಯ ಶುಷ್ಕತೆ, ತುರಿಕೆ, ವಾತಪ್ರಕೋಪದ ನೋವು ಮೊದಲಾದವುಗಳಲ್ಲಿ ಬಿಲ್ವತೈಲದಂತಹ ತೈಲಗಳು ವೈದ್ಯರ ಸಲಹೆಯ ಮೇರೆಗೆ ಹಿತವನ್ನುಂಟುಮಾಡುತ್ತವೆ. ಶಿರೋಭ್ಯಂಗ, ಪಾದಾಭ್ಯಂಗಗಳು ನಿದ್ರೆಯನ್ನೂ ಮನಸ್ಸಿಗೆ ಸಮಾಧಾನವನ್ನೂ ತರುತ್ತವೆ. ಆದರೆ ಬಾಲ್ಯದಿಂದ ಬಂದ, ವೃದ್ಧಾಪ್ಯದಿಂದ ಬಂದ ಹಾಗೂ ಬಹುಕಾಲದಿಂದ ನೆಲೆಸಿದ ಬಾಧಿರ್ಯವನ್ನು ಗುಣವಾಗದ ವರ್ಗಕ್ಕೆ ಸೇರಿಸಿದವರೂ ನಮ್ಮ ಪೂರ್ವಿಕ ವೈದ್ಯರೇ. ಕಿವಿಗೆ ಬಿಟ್ಟ ತೈಲವು ತಮಟೆಯ ಈಚೆಗೇ ನಿಲ್ಲುತ್ತದೆ. ಒಳಗಿವಿಯಲ್ಲಿ ನಶಿಸಿದ ಕೋಶಗಳನ್ನು ಅದು ಹುಟ್ಟಿಸಲಾರದು. ‘ಮೂರು ತಿಂಗಳಲ್ಲಿ ಕಿವುಡುತನ ಮಾಯ’ ಎಂಬ ಜಾಹೀರಾತನ್ನು ನಂಬಿ ಸಾವಿರಾರು ರೂಪಾಯಿ ಕಳೆದುಕೊಂಡ ಮೇಲೆ ನಮ್ಮ ಬಳಿಗೆ ಬಂದವರನ್ನು ನಾವು ಕಂಡಿದ್ದೇವೆ. ಹಣಕ್ಕಿಂತಲೂ ಹೆಚ್ಚಿನ ನಷ್ಟವೆಂದರೆ ಆ ಅವಧಿಯಲ್ಲಿ ಅವರು ಪರೀಕ್ಷೆಯನ್ನೂ ಶ್ರವಣಯಂತ್ರವನ್ನೂ ಮುಂದೂಡಿದ್ದು.

ಕಿವಿ ಸೋರುತ್ತಿದ್ದರೆ ಅಥವಾ ತಮಟೆಯಲ್ಲಿ ರಂಧ್ರವಿದ್ದರೆ ಯಾವ ತೈಲವನ್ನೂ ಬಿಡಕೂಡದು. ಬೆಳ್ಳುಳ್ಳಿ ಕಾಯಿಸಿದ ಬಿಸಿ ಎಣ್ಣೆ, ಸೊಪ್ಪಿನ ರಸ, ಹಾಲು ಮುಂತಾದವನ್ನು ತಾವೇ ಹಾಕಿಕೊಳ್ಳುವುದು ಅಪಾಯಕರ. ಬೆಂಕಿಕಡ್ಡಿ, ಹೇರ್‌ಪಿನ್ನು, ಹತ್ತಿ ಸುತ್ತಿದ ಕಡ್ಡಿ ಇವು ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತವೆ.

ಹಾಗೆಯೇ ಕೆಲವು ಲಕ್ಷಣಗಳು ಕಂಡಾಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಕಿವಿ-ಮೂಗು-ಗಂಟಲಿನ ತಜ್ಞರ ಬಳಿಗೆ ಧಾವಿಸಬೇಕು. ರಾತ್ರಿ ಮಲಗುವಾಗ ಸರಿಯಾಗಿದ್ದು ಬೆಳಿಗ್ಗೆ ಏಳುವಷ್ಟರಲ್ಲಿ, ಅಥವಾ ಎರಡು ಮೂರು ದಿನಗಳೊಳಗೆ ಒಂದು ಕಿವಿ ಹಠಾತ್ತನೆ ಕೇಳದಂತಾದರೆ ಅದು ತುರ್ತು ಸ್ಥಿತಿ. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ದೊರೆತರೆ ಕಿವಿ ಮರಳುವ ಸಂಭವ ಹೆಚ್ಚು. ವಾರಗಳು ಕಳೆದಂತೆ ಅದು ಕುಗ್ಗುತ್ತದೆ. ಒಂದೇ ಕಿವಿಯಲ್ಲಿ ನಿರಂತರ ಸದ್ದು, ತಲೆಸುತ್ತು, ಮುಖದ ಒಂದು ಪಾರ್ಶ್ವ ದುರ್ಬಲವಾಗುವುದು, ಕಿವಿಯಿಂದ ರಕ್ತ ಅಥವಾ ದುರ್ಗಂಧದ ಕೀವು, ಇವುಗಳನ್ನೂ ಕಡೆಗಣಿಸಲಾಗದು.

ಮನಸ್ಸಿನ ಮೇಲಾಗುವ ಪೆಟ್ಟು

ಕಣ್ಣು ಕಾಣದವರನ್ನು ಕಂಡು ಲೋಕವು ಕನಿಕರಪಡುತ್ತದೆ. ಕಿವಿ ಕೇಳದವರನ್ನು ಕಂಡು ನಗುತ್ತದೆ. ನಮ್ಮ ನಾಟಕಗಳಲ್ಲಿ, ಹಾಸ್ಯಪ್ರಸಂಗಗಳಲ್ಲಿ ಕಿವುಡನ ಪಾತ್ರವಿರುವುದು ಜನರನ್ನು ನಗಿಸುವುದಕ್ಕಾಗಿ. ಕನ್ನಡಕ ಧರಿಸಲು ನಾಚದ ಹಿರಿಯರು ಶ್ರವಣಯಂತ್ರವೆಂದೊಡನೆ ಹಿಂಜರಿಯುವುದರ ಮೂಲ ಇಲ್ಲಿದೆ.

ಈ ನಾಚಿಕೆಯು ಮಹಾತ್ಮರನ್ನೂ ಬಿಟ್ಟಿಲ್ಲ. ಜರ್ಮನಿಯ ಸಂಗೀತಗಾರ ಬೀಥೋವನ್‌ರಿಗೆ ಮೂವತ್ತು ತುಂಬುವ ಮೊದಲೇ ಕಿವಿ ಮಂದವಾಗತೊಡಗಿತು. 1802ರಲ್ಲಿ, ವಿಯೆನ್ನಾ ಸಮೀಪದ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ತಂಗಿದ್ದಾಗ, ಅವರು ತಮ್ಮ ಸಹೋದರರನ್ನು ಉದ್ದೇಶಿಸಿ ಒಂದು ಪತ್ರ ಬರೆದರು. ತಾವು ಜನರಿಂದ ದೂರವಿರುವುದು ಅಹಂಕಾರದಿಂದಲ್ಲ, ಕಿವುಡುತನವನ್ನು ಹೇಳಿಕೊಳ್ಳಲಾಗದ ಸಂಕಟದಿಂದ ಎಂಬುದು ಅದರ ತಿರುಳು. ಆ ಪತ್ರವನ್ನು ಅವರು ಕಳುಹಿಸಲೇ ಇಲ್ಲ. 1827ರಲ್ಲಿ ಅವರು ತೀರಿಕೊಂಡ ಮೇಲೆ ಅದು ದೊರೆಯಿತು. ಕಾಲಾಂತರದಲ್ಲಿ ಅವರು ತಮ್ಮ ಸ್ಥಿತಿಯನ್ನು ಮರೆಮಾಚುವುದನ್ನು ಬಿಟ್ಟರು. ಬಂದವರ ಮುಂದೆ ಪುಸ್ತಕವಿಟ್ಟು, ಹೇಳಬೇಕಾದುದನ್ನು ಅದರಲ್ಲಿ ಬರೆಯಿಸಿಕೊಂಡು ಸಂಭಾಷಿಸಿದರು. ಅವರ ಒಂಬತ್ತನೆಯ ಸಿಂಫೊನಿ ಎಂಬ ಮಹಾಕೃತಿಯು 1824ರಲ್ಲಿ ಮೊದಲ ಬಾರಿಗೆ ನುಡಿದಾಗ ಅವರಿಗೆ ಬಹುತೇಕ ಏನೂ ಕೇಳಿಸುತ್ತಿರಲಿಲ್ಲ. ಮುಚ್ಚಿಟ್ಟ ಕಾಲದಲ್ಲಿ ಅವರನ್ನು ಸಾವಿನ ಯೋಚನೆಯವರೆಗೆ ಒಯ್ದ ಕಿವುಡುತನವು, ಒಪ್ಪಿಕೊಂಡ ಮೇಲೆ ಅವರ ಕಾರ್ಯವನ್ನು ನಿಲ್ಲಿಸಲಿಲ್ಲ.

ನಮ್ಮ ಚಿಕಿತ್ಸಾಲಯಕ್ಕೆ ಒಬ್ಬ ನಿವೃತ್ತ ಶಿಕ್ಷಕರನ್ನು ಅವರ ಮಗನು ಕರೆತಂದಿದ್ದನು. “ನಮ್ಮ ಅಪ್ಪಾಜಿಗೆ ಅರಳುಮರಳು ಶುರುವಾಗಿದೆ. ಒಂದು ಕೇಳಿದರೆ ಇನ್ನೊಂದು ಹೇಳುತ್ತಾರೆ. ಪ್ರವಚನಕ್ಕೂ ಹೋಗುವುದನ್ನು ಬಿಟ್ಟಿದ್ದಾರೆ” ಎಂದನು. ನಾವು ಅವರ ಎದುರಿಗೆ ಕುಳಿತು, ನಿಧಾನವಾಗಿ ಪ್ರಶ್ನಿಸಿದಾಗ ಪ್ರತಿಯೊಂದಕ್ಕೂ ಸರಿಯಾದ ಉತ್ತರವೇ ಬಂದಿತು. ಬುದ್ಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಂದು ಕಿವಿಯಲ್ಲಿ ಗುಗ್ಗೆ ಕಲ್ಲಾಗಿತ್ತು. ಅದನ್ನು ತೆಗೆಸಿ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ದೋಷವಿರುವುದು ತಿಳಿಯಿತು. ಮಗನು ಹೊರಗೆ ಹೋದ ಮೇಲೆ ಅವರು ಹೇಳಿದ ಮಾತು ನಮ್ಮಲ್ಲಿ ಉಳಿದಿದೆ: “ಡಾಕ್ಟರೇ, ಮೂವತ್ತೈದು ವರ್ಷ ಹುಡುಗರಿಗೆ ಕಿವಿಗೊಟ್ಟು ಕೇಳಿರೋ ಎಂದು ಗದರಿಸಿದವನು ನಾನು. ಈಗ ನನಗೇ ಕೇಳಿಸುವುದಿಲ್ಲವೆಂದು ಯಾವ ಬಾಯಿಂದ ಹೇಳಲಿ?”

ಕಿವುಡುತನವು ಮನಸ್ಸಿನಲ್ಲಿ ಹಲವು ವಿಕಾರಗಳನ್ನು ಎಬ್ಬಿಸುತ್ತದೆ. ಮೊದಲನೆಯದು ನಿರಾಕರಣೆ: “ನನ್ನ ಕಿವಿ ಸರಿಯಾಗಿದೆ, ನೀವೇ ಗೊಣಗುತ್ತೀರಿ.” ಆಮೇಲೆ ಸಿಟ್ಟು. ಅನಂತರ ಸಂಶಯ, ಅಡುಗೆಮನೆಯಲ್ಲಿ ಮಗ-ಸೊಸೆ ನಕ್ಕರೆ ತನ್ನನ್ನು ಕುರಿತೇ ನಕ್ಕರೆಂಬ ಭಾವನೆ. ಅದರ ಜೊತೆಗೆ ದಣಿವು. ಅರ್ಧ ಕೇಳಿದ ಮಾತನ್ನು ಊಹೆಯಿಂದ ತುಂಬಿಕೊಳ್ಳಲು ಮೆದುಳು ದಿನವಿಡೀ ದುಡಿಯುವುದರಿಂದ, ಮದುವೆ-ಸಮಾರಂಭಗಳಿಂದ ಮರಳಿದವರು ಹೊಲದಲ್ಲಿ ಗೆಯ್ದವರಂತೆ ಬಳಲಿರುತ್ತಾರೆ. ಕೊನೆಯದು ಒಂಟಿತನ ಮತ್ತು ಖಿನ್ನತೆ. ಹಸಿವು, ನಿದ್ರೆ ಕೆಟ್ಟು, ಬದುಕಿನಲ್ಲಿ ಆಸಕ್ತಿ ಹೋದಂತೆ ಕಂಡರೆ ಅದನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕದೆ ಮನೋವೈದ್ಯರ ಸಲಹೆ ಪಡೆಯಬೇಕು.

ಮರೆಗುಳಿತನದೊಡನೆಯೂ ಇದಕ್ಕೆ ನಂಟಿದೆ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಮರೆಗುಳಿ ರೋಗಕ್ಕೆ ಎಡೆಮಾಡುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಹೆಸರಿಸಿತು. ಚಿಕಿತ್ಸೆಯಿಲ್ಲದ ಶ್ರವಣದೋಷವು ಅವುಗಳಲ್ಲಿ ಪ್ರಮುಖವಾದದ್ದು. ಕಿವಿ ಮಂದವಾದವರೆಲ್ಲರಿಗೂ ಮರೆವು ಬರುತ್ತದೆಂದು ಇದರ ಅರ್ಥವಲ್ಲ. ಮೆದುಳಿಗೆ ಮಾತು ಮತ್ತು ಒಡನಾಟವೇ ಆಹಾರ; ಆ ಆಹಾರವು ನಿಲ್ಲದಂತೆ ನೋಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಹೇಳಿಕೊಳ್ಳುವುದೇ ಮೊದಲ ಚಿಕಿತ್ಸೆ

ಕಿವಿ ಮಂದವಾದ ಹಿರಿಯರಿಗೆ ನಾವು ಕೊಡುವ ಮೊದಲ ಔಷಧವು ಒಂದು ವಾಕ್ಯ: “ನನಗೆ ಕಿವಿ ಸ್ವಲ್ಪ ಮಂದ, ಎದುರಿಗೆ ಬಂದು ನಿಧಾನವಾಗಿ ಹೇಳಿ.” ಮೊದಲ ಸಲ ಹೇಳುವಾಗ ನಾಲಗೆ ತಡವರಿಸುತ್ತದೆ. ಹತ್ತು ಬಾರಿ ಹೇಳಿದ ಮೇಲೆ ಅದು ಸಹಜವಾಗುತ್ತದೆ. ಹೇಳದಿದ್ದಾಗ ಜನರು ನಿಮ್ಮನ್ನು ಗರ್ವಿಷ್ಠರೆಂದೋ, ಮರೆಗುಳಿಗಳೆಂದೋ ತಿಳಿಯುತ್ತಾರೆ. ಹೇಳಿದಾಗ ಬಹುಪಾಲು ಜನರು ಹತ್ತಿರಕ್ಕೆ ಸರಿದು ಮಾತನಾಡುತ್ತಾರೆ.

ತಿಳಿಯದೆ ಹೂಂಗುಟ್ಟಬೇಡಿ. ಬರಿದೆ “ಆಂ?” ಎನ್ನುವುದಕ್ಕಿಂತ ತಿಳಿದಷ್ಟನ್ನು ಹೇಳಿ ಉಳಿದದ್ದನ್ನು ಕೇಳಿ. “ಬಸ್ಸು ಹನ್ನೊಂದಕ್ಕೆ ಎಂದಿರೋ, ಹನ್ನೆರಡಕ್ಕೆ ಎಂದಿರೋ?” ಎಂದು ಕೇಳಿದರೆ ಎದುರಿನವರು ಆ ಒಂದು ಪದವನ್ನಷ್ಟೇ ಸ್ಪಷ್ಟಪಡಿಸುತ್ತಾರೆ. ಕುಳಿತುಕೊಳ್ಳುವಾಗ ಗೋಡೆಗೆ ಬೆನ್ನುಮಾಡಿ, ಮಾತನಾಡುವವರ ಮುಖದ ಮೇಲೆ ಬೆಳಕು ಬೀಳುವ ಜಾಗವನ್ನು ಆರಿಸಿಕೊಳ್ಳಿ. ಚೆನ್ನಾಗಿ ಕೇಳುವ ಕಿವಿಯನ್ನು ಅವರ ಕಡೆಗಿಡಿ. ತುಟಿಯ ಚಲನೆಯನ್ನು ನೋಡುವುದರಿಂದ ಕಿವಿ ತಪ್ಪಿಸಿದ ವ್ಯಂಜನವನ್ನು ಕಣ್ಣು ಹಿಡಿಯುತ್ತದೆ. ಆದುದರಿಂದ ಕನ್ನಡಕದ ನಂಬರು ಸರಿಯಾಗಿರಲಿ. ಸಮಾರಂಭದಲ್ಲಿ ದಣಿವಾದರೆ ಅರ್ಧ ಗಂಟೆ ಶಾಂತವಾದೆಡೆ ವಿಶ್ರಮಿಸಿ ಮರಳಿ ಬನ್ನಿ, ಆದರೆ ಹೋಗುವುದನ್ನೇ ನಿಲ್ಲಿಸಬೇಡಿ. ರಸ್ತೆ ದಾಟುವಾಗ ಸದ್ದನ್ನು ನಂಬದೆ ಎರಡೂ ಕಡೆ ನೋಡಿ ದಾಟಿ.

ಮನೆಯವರ ಪಾಲು

ಚರಕರು ಇಂದ್ರಿಯಗಳ ಕೆಡುಕಿಗೆ ಅತಿಯೋಗ, ಅಯೋಗ, ಮಿಥ್ಯಾಯೋಗವೆಂಬ ಮೂರು ಕಾರಣಗಳನ್ನು ಹೇಳಿದ್ದಾರೆ. ಕಿವಿಯ ವಿಷಯದಲ್ಲಿ, ಗುಡುಗಿನಂತಹ ಮಿತಿಮೀರಿದ ಸದ್ದು ಅತಿಯೋಗ. ಏನನ್ನೂ ಕೇಳದಿರುವುದು ಅಯೋಗ. ಕಠೋರವಾದ, ಅವಮಾನಿಸುವ, ಭಯಪಡಿಸುವ ಮಾತುಗಳನ್ನು ಕೇಳುವುದು ಮಿಥ್ಯಾಯೋಗ. ಕಿವಿ ಮಂದವಾದ ಹಿರಿಯರಿರುವ ಮನೆಯಲ್ಲಿ ಈ ಮೂರೂ ಒಟ್ಟಿಗೆ ನಡೆಯುವುದನ್ನು ಕಾಣುತ್ತೇವೆ. ದೂರದರ್ಶನದ ಸದ್ದು ಮನೆ ನಡುಗುವಷ್ಟು. ಅಜ್ಜಿಯೊಡನೆ ಆಡುವ ಮಾತು ದಿನಕ್ಕೆ ನಾಲ್ಕು. ಆ ನಾಲ್ಕೂ ಗದರಿಕೆಯ ಧ್ವನಿಯಲ್ಲಿ.

ಮನೆಯವರು ಅನುಸರಿಸಬೇಕಾದ ಕ್ರಮಗಳಿವು:

1. ಮೊದಲು ಕರೆದು ಅಥವಾ ಭುಜ ಮುಟ್ಟಿ ಗಮನ ಸೆಳೆಯಿರಿ. ಆಮೇಲೆ ವಿಷಯ ಹೇಳಿ. ಬೇರೆ ಕೋಣೆಯಿಂದ ಕೂಗಬೇಡಿ.
2. ಮೂರು ನಾಲ್ಕು ಅಡಿ ದೂರದಲ್ಲಿ, ಎದುರಿಗೆ, ಬೆಳಕಿನಲ್ಲಿ ಕುಳಿತು ಮಾತನಾಡಿ. ಬಾಯಿಗೆ ಕೈ ಅಡ್ಡವಿರದಿರಲಿ.
3. ಕಿರುಚಬೇಡಿ. ಕಿರುಚಿದಾಗ ಸ್ವರಗಳಷ್ಟೇ ದೊಡ್ಡದಾಗುತ್ತವೆ, ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಮುಖವು ಕೋಪಗೊಂಡಂತೆ ಕಾಣುತ್ತದೆ. ಒಳಗಿವಿಯ ದೋಷವುಳ್ಳವರಿಗೆ ಸಣ್ಣ ಸದ್ದು ಕೇಳದು, ದೊಡ್ಡ ಸದ್ದು ಸಹಿಸದು.
4. ಒಂದು ಮಾತು ಎರಡು ಬಾರಿ ಹೇಳಿದರೂ ತಿಳಿಯದಿದ್ದರೆ ಅದನ್ನೇ ಬೇರೆ ಪದಗಳಲ್ಲಿ ಹೇಳಿ.
5. ಮಾತನಾಡುವಾಗ ಟಿ.ವಿ., ಮಿಕ್ಸಿ ನಿಲ್ಲಿಸಿ. ಒಬ್ಬರಾದ ಮೇಲೆ ಒಬ್ಬರು ಮಾತನಾಡಿ.
6. ಔಷಧದ ಪ್ರಮಾಣ, ದಿನಾಂಕ, ಹಣದ ಲೆಕ್ಕ ಇವನ್ನು ಬರೆದು ಕೊಡಿ. ಮಾತನ್ನು ಕನ್ನಡ ಅಕ್ಷರಗಳಾಗಿ ತೋರಿಸುವ ಅನುಕೂಲವು ಈಗ ಮೊಬೈಲಿನಲ್ಲೇ ಇದೆ. ಮೊಮ್ಮಕ್ಕಳು ಅದನ್ನು ಹಿರಿಯರಿಗೆ ಕಲಿಸಿಕೊಡಲಿ.
7. “ಏನಿಲ್ಲ ಬಿಡಿ” ಎನ್ನಬೇಡಿ.

ಈ ಕೊನೆಯದನ್ನು ಸ್ವಲ್ಪ ವಿವರಿಸಬೇಕು. ಎಲ್ಲರೂ ಯಾವುದೋ ಮಾತಿಗೆ ನಕ್ಕಾಗ ಅಜ್ಜಿಯು “ಏನಂತೆ?” ಎಂದು ಕೇಳುತ್ತಾರೆ. “ಏನಿಲ್ಲ ಬಿಡಿ ಅತ್ತೆ, ಸುಮ್ಮನೆ” ಎಂಬ ಉತ್ತರ ಬರುತ್ತದೆ. ಹೇಳಿದವರಿಗೆ ಅದು ಸಣ್ಣ ಮಾತು. ಕೇಳಿದವರಿಗೆ ಮುಖದ ಮೇಲೆ ಬಾಗಿಲು ಮುಚ್ಚಿದಂತೆ. ಸಂಶಯವು ಮೊಳೆಯುವುದು ಅಲ್ಲಿ. ಹೀಗೆಯೇ ಮನಸ್ತಾಪ ಬೆಳೆದಿದ್ದ ಒಂದು ಮನೆಯ ಸೊಸೆಗೆ ನಾವು ಹೇಳಿದ್ದು ಇಷ್ಟೇ: “ಪ್ರತಿದಿನ ಸಂಜೆ ಹದಿನೈದು ನಿಮಿಷ ಅತ್ತೆಯವರ ಎದುರಿಗೆ ಕುಳಿತು ಅಂದಿನ ಮನೆಯ ವರ್ತಮಾನವನ್ನೆಲ್ಲ ಹೇಳಿ, ನಕ್ಕ ಮಾತನ್ನೂ ಬಿಡದೆ.” ಎರಡು ತಿಂಗಳ ಬಳಿಕ ಆ ಅತ್ತೆಯವರೇ ನಮಗೆ ಹೇಳಿದರು: “ಈಗ ನಮ್ಮ ಮನೆಯಲ್ಲಿ ಏನು ನಡೆದಿದೆ ಎಂಬುದು ನನಗೆ ಗೊತ್ತಿರುತ್ತದೆ ನೋಡಿ.” ಆ ಅವಧಿಯಲ್ಲಿ ಅವರ ಕಿವಿಗೆ ನಾವು ಯಾವ ಔಷಧವನ್ನೂ ಹಾಕಿರಲಿಲ್ಲ.

ಶ್ರವಣಯಂತ್ರದೊಡನೆ ಬಾಳುವುದು

ಕಿವಿಯ ಶಕ್ತಿಯನ್ನು ಡೆಸಿಬಲ್ ಎಂಬ ಮಾನದಿಂದ ಅಳೆಯುತ್ತಾರೆ. 20 ಡೆಸಿಬಲ್‌ಗಿಂತ ಕಡಿಮೆ ಪ್ರಮಾಣದ ಸದ್ದನ್ನೂ ಗ್ರಹಿಸುವ ಕಿವಿಯು ಆರೋಗ್ಯವಂತ. 35ರಿಂದ 50ರೊಳಗಿನದು ಮಧ್ಯಮ ದೋಷ. 65 ದಾಟಿದರೆ ತೀವ್ರ. ಸಾಮಾನ್ಯ ಸಂಭಾಷಣೆಯು ಸುಮಾರು 60 ಡೆಸಿಬಲ್ ಇರುತ್ತದೆಂದರೆ ಈ ಅಂಕಿಗಳ ಅರ್ಥವಾಗುತ್ತದೆ. ನೋವಿಲ್ಲದ ಈ ಪರೀಕ್ಷೆಯನ್ನು 60 ದಾಟಿದವರೆಲ್ಲರೂ ಒಮ್ಮೆ ಮಾಡಿಸುವುದು ಒಳ್ಳೆಯದು.

ಪರೀಕ್ಷೆಯಿಲ್ಲದೆ ಸಂತೆಯಲ್ಲೋ ಜಾಹೀರಾತು ನೋಡಿಯೋ ಯಂತ್ರ ಕೊಳ್ಳಬೇಡಿ. ಯಾವ ಕಂಪನದ ಸದ್ದು ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನೇ ಹೆಚ್ಚಿಸುವಂತೆ ಶ್ರವಣತಜ್ಞರು ಅದನ್ನು ಹೊಂದಿಸಬೇಕು. ಎರಡೂ ಕಿವಿಗಳಲ್ಲಿ ದೋಷವಿದ್ದರೆ ಎರಡಕ್ಕೂ ಯಂತ್ರ ಧರಿಸುವುದು ಸಾಮಾನ್ಯವಾಗಿ ಲೇಸು. ಯಂತ್ರದಿಂದ ಫಲ ಸಿಗದಷ್ಟು ತೀವ್ರ ಕಿವುಡುತನಕ್ಕೆ ಒಳಗಿವಿಯಲ್ಲಿ ಸಾಧನವನ್ನು ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಕ್ರಿಯೆಯೂ ಇದೆ.

“ಹಾಕಿಕೊಂಡೆ ಸ್ವಾಮಿ, ಬರೀ ಗಲಾಟೆ, ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟೆ” ಎನ್ನುವವರು ಬಹಳ. ವರ್ಷಗಟ್ಟಲೆ ಮೌನಕ್ಕೆ ಒಗ್ಗಿದ ಮೆದುಳಿಗೆ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ತನ್ನದೇ ಧ್ವನಿ ಎಲ್ಲವೂ ಒಮ್ಮೆಲೇ ನುಗ್ಗಿದಂತಾಗುತ್ತದೆ. ಬೇಡದ ಸದ್ದನ್ನು ಬದಿಗೊತ್ತುವುದನ್ನು ಅದು ಮತ್ತೆ ಕಲಿಯಬೇಕು. ಮೊದಲ ವಾರ ಮನೆಯೊಳಗೆ, ಒಬ್ಬರೊಡನೆ ಮಾತನಾಡುವಾಗ, ದಿನಕ್ಕೆ ಒಂದೆರಡು ತಾಸು ಧರಿಸಿ. ಎರಡನೆಯ ವಾರದಿಂದ ಅವಧಿಯನ್ನು ಹೆಚ್ಚಿಸುತ್ತ ಹೋಗಿ. ಮನೆಯವರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿರಲು ಅದೇ ಪುಟವನ್ನು ಕಣ್ಣಿನಿಂದ ಅನುಸರಿಸುವುದು ಉತ್ತಮ ಅಭ್ಯಾಸ. ಸದ್ದು ಚುಚ್ಚಿದಂತಾದರೆ ತಜ್ಞರ ಬಳಿಗೆ ಮತ್ತೆ ಹೋಗಿ ಸರಿಪಡಿಸಿಕೊಳ್ಳಿ. ಸ್ನಾನಕ್ಕೂ ನಿದ್ರೆಗೂ ಮುನ್ನ ಯಂತ್ರವನ್ನು ತೆಗೆದಿಡಿ. ಮಳೆಗಾಲದಲ್ಲಿ ತೇವ ಹೀರುವ ಪುಡಿಯಿರುವ ಡಬ್ಬಿಯಲ್ಲಿಡಿ. ಯಂತ್ರವು ಯೌವನದ ಕಿವಿಯನ್ನು ಮರಳಿ ಕೊಡದು, ನಡೆಯಲು ಊರುಗೋಲು ನೆರವಾಗುವಂತೆ ಕೇಳಲು ನೆರವಾಗುತ್ತದೆ. ಅದನ್ನು ಧರಿಸುವುದರಲ್ಲಿ ಆಯುರ್ವೇದಕ್ಕೆ ವಿರೋಧವಾದುದು ಏನೂ ಇಲ್ಲ.

ಕಿವಿಯಲ್ಲಿ ಗುಂಯ್‌ಗುಡುವ ಕರ್ಣನಾದವು ಅನೇಕರಿಗೆ ಕಿವುಡುತನದ ಜೊತೆಗೇ ಬರುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಅದು ಹೆಚ್ಚೆನಿಸುತ್ತದೆ. ಅದನ್ನು ಕುರಿತು ಚಿಂತಿಸಿದಷ್ಟೂ ಬಲಿಯುತ್ತದೆ. ಮಲಗುವಾಗ ಫ್ಯಾನಿನ ಮೆಲುದನಿ ಅಥವಾ ಸಣ್ಣಗೆ ನುಡಿಯುವ ವಾದ್ಯಸಂಗೀತವಿದ್ದರೆ ಮನಸ್ಸು ಅತ್ತ ಹರಿಯುತ್ತದೆ. ಪಾದಾಭ್ಯಂಗ, ದೀರ್ಘ ಉಸಿರಾಟ, ನಿಯತವಾದ ನಿದ್ರೆ ಇವು ಸಹಕಾರಿ. ಶ್ರವಣಯಂತ್ರ ಧರಿಸಿದಾಗ ಹೊರಗಿನ ಸದ್ದು ಕೇಳತೊಡಗಿ ಈ ನಾದವು ಹಿಂದೆ ಸರಿಯುವುದೂ ಉಂಟು.

ದೊರೆಯುವ ನೆರವು

ಬಡತನದ ಕಾರಣದಿಂದ ಯಾರೂ ಸುಮ್ಮನೆ ಕುಳಿತುಕೊಳ್ಳಬೇಕಾಗಿಲ್ಲ. ಕೇಂದ್ರ ಸರ್ಕಾರವು 2006-07ರಲ್ಲಿ ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ. ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಮೊದಲು ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ಅದು ನಮ್ಮ ನಾಡಿನಲ್ಲಿರುವುದು ನಮ್ಮ ಭಾಗ್ಯ. ಅಂಗವಿಕಲರಿಗಾಗಿರುವ ‘ಅಡಿಪ್’ ಯೋಜನೆಯಲ್ಲಿಯೂ, ಬಡತನ ರೇಖೆಗಿಂತ ಕೆಳಗಿನ ಹಿರಿಯ ನಾಗರಿಕರಿಗಾಗಿ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿಯೂ ಶ್ರವಣಯಂತ್ರ ಪಡೆಯಲು ಅವಕಾಶವಿದೆ. ಎರಡೂ ಕಿವಿಗಳಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಿನ ದೋಷವುಳ್ಳವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅಂತಹವರು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು.

ಉಳಿದ ಶ್ರವಣವನ್ನು ಉಳಿಸಿಕೊಳ್ಳೋಣ

85 ಡೆಸಿಬಲ್‌ನ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಕಳೆಯುವುದು ಕಿವಿಯು ತಾಳುವ ಮಿತಿ. ಅದಕ್ಕಿಂತ ಮೇಲಿನ ಸದ್ದಿನಲ್ಲಿ ಕಿವಿ ಬೇಗ ಕೆಡುತ್ತದೆ. ರಬಕವಿ-ಬನಹಟ್ಟಿಯಂತಹ ಊರುಗಳಲ್ಲಿ ವಿದ್ಯುತ್ ಮಗ್ಗಗಳ ನಡುವೆ ದುಡಿಯುವವರು, ಹಿಟ್ಟಿನ ಗಿರಣಿಯವರು, ಕಲ್ಲು ಒಡೆಯುವ ಯಂತ್ರದ ಕೆಲಸಗಾರರು, ಹಗಲಿಡೀ ಟ್ರ್ಯಾಕ್ಟರ್ ಓಡಿಸುವವರು ಕಿವಿಗೆ ರಕ್ಷಣಾ ಸಾಧನ ಧರಿಸಬೇಕು. ಜಾತ್ರೆ, ಮೆರವಣಿಗೆಗಳಲ್ಲಿ ಡಿ.ಜೆ. ಪೆಟ್ಟಿಗೆಗಳ ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ತರುಣರು ಇಯರ್‌ಫೋನಿನ ಸದ್ದನ್ನು ಅರವತ್ತು ಪ್ರತಿಶತಕ್ಕಿಂತ ಕೆಳಗಿಡಲಿ. ಮಧುಮೇಹ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡಿ; ತಂಬಾಕನ್ನು ತ್ಯಜಿಸಿ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಮೊದಲಾದ ಕೆಲವು ಚುಚ್ಚುಮದ್ದುಗಳು ಒಳಗಿವಿಗೆ ಹಾನಿ ಮಾಡಬಲ್ಲವು. ಆದುದರಿಂದ ಕಿವಿಯ ದೋಷವಿರುವುದನ್ನು ಚಿಕಿತ್ಸೆ ಕೊಡುವ ವೈದ್ಯರಿಗೆ ಮೊದಲೇ ತಿಳಿಸಿ.

ಸಭೆಯಲ್ಲಿ, ಪಂಕ್ತಿಯಲ್ಲಿ

ಕಿವಿ ಮಂದವಾದ ಅನೇಕ ಭಕ್ತರು “ಪ್ರವಚನ ಕೇಳಿಸುವುದಿಲ್ಲ, ಬಂದು ಏನು ಮಾಡಲಿ?” ಎಂದು ಮನೆಯಲ್ಲೇ ಉಳಿಯುತ್ತಾರೆ. ಅವರಿಗೆ ನಮ್ಮ ವಿನಂತಿ: ಬನ್ನಿ. ವೇದಿಕೆಯ ಸಮೀಪದ ಮೊದಲ ಸಾಲುಗಳಲ್ಲಿ, ಧ್ವನಿವರ್ಧಕದ ಪೆಟ್ಟಿಗೆಯಿಂದ ದೂರವಾಗಿ, ಮಾತನಾಡುವವರ ಮುಖ ಕಾಣುವಂತೆ ಕುಳಿತುಕೊಳ್ಳಿ. ಕಾರ್ಯಕ್ರಮ ನಡೆಸುವ ಯುವಕರು ಆ ಸಾಲುಗಳನ್ನು ಅಂತಹ ಹಿರಿಯರಿಗಾಗಿ ಕಾಯ್ದಿರಿಸಲಿ. ಅಂದಿನ ವಿಷಯವನ್ನೂ ಹೇಳಲಿರುವ ವಚನಗಳನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ಕೊಟ್ಟರೆ ಕೇಳದ ಮಾತನ್ನು ಕಣ್ಣು ಓದಿಕೊಳ್ಳುತ್ತದೆ. ಇಷ್ಟಲಿಂಗಪೂಜೆಗೆ ಕಿವಿ ಬೇಕಾಗಿಲ್ಲ. ವಚನವನ್ನು ಓದುವುದಕ್ಕೂ, ದಾಸೋಹದಲ್ಲಿ ಎಲೆ ಹಾಕುವುದಕ್ಕೂ, ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಕ್ಕೂ ಬೇಕಾಗಿಲ್ಲ. ಕೈಯಲ್ಲಿ ಕೆಲಸವಿದ್ದು, ಪಕ್ಕದಲ್ಲಿ ಜನರಿದ್ದರೆ ಮನಸ್ಸು ಕುಗ್ಗುವುದಿಲ್ಲ.

ಒಂದು ಕೊನೆಯ ಮಾತು. ಈ ಲೇಖನವನ್ನು ಓದಿ ಮುಗಿಸಿದವರು ಇಂದು ಸಂಜೆ ತಮ್ಮ ಮನೆಯ ಹಿರಿಯರ ಎದುರಿಗೆ, ಬೆಳಕಿನಲ್ಲಿ, ಟಿ.ವಿ. ನಿಲ್ಲಿಸಿ ಕುಳಿತುಕೊಳ್ಳಿರಿ. “ನನ್ನ ಮಾತು ನಿಮಗೆ ಸರಿಯಾಗಿ ಕೇಳಿಸುತ್ತದೆಯೇ?” ಎಂದು ಪ್ರೀತಿಯಿಂದ ಕೇಳಿರಿ. ಅವರು ‘ಹೂಂ’ ಎಂದರೆ ಅಷ್ಟಕ್ಕೇ ತೃಪ್ತರಾಗದೆ, ತಾವು ಹೇಳಿದ್ದೇನೆಂಬುದನ್ನು ಅವರ ಬಾಯಿಂದಲೇ ಕೇಳಿಕೊಳ್ಳಿರಿ. ಬಹಳ ದಿನಗಳಿಂದ ಅವರು ಹೇಳಿಕೊಳ್ಳಲಾಗದೆ ಇದ್ದುದು ಆಗ ಹೊರಬರಬಹುದು. ಅಲ್ಲಿಂದ ಮುಂದಿನ ದಾರಿ ಸುಗಮ.